ಬಣ್ಣ ನೋಡಬೇಡಿ, ಗೇಜ್ ಕೇಳಿ: ವರ್ಕ್‌ಶಾಪಿನ ಎರಡು ಬಾಗಿಲ ಬೀರು ಹೇಗಿದೆ?

ಗೋದ್ರೇಜ್‌ನವರು ಮುಂಬೈಯಲ್ಲಿ ಉಕ್ಕಿನ ಬೀರು ಮಾಡಲು ಶುರುಮಾಡಿದ್ದು 1923ರಲ್ಲಿ. ಯಾರೇ ಮಾಡಿದ್ದಿರಲಿ, ಬೀರುವನ್ನೇ ‘ಗಾಡ್ರೇಜು’ ಅನ್ನುವ ಮಟ್ಟಿಗೆ ಆ ಹೆಸರು ನಮ್ಮ ಮನೆಗಳಲ್ಲಿ ಬೇರೂರಿದೆ. ಆದರೂ ಮದುವೆ ಸಾಮಾನಿನ ಜೊತೆ ಎಷ್ಟೋ ಮನೆಗಳಿಗೆ ಬರುವುದು ಊರಿನ ವರ್ಕ್‌ಶಾಪಿನಲ್ಲಿ ಶೀಟು ಮಡಿಸಿ, ಸ್ಪಾಟ್ ವೆಲ್ಡಿಂಗ್ ಮಾಡಿದ ಬೀರು. ಈ ವಿಮರ್ಶೆ ಅದರದ್ದು.

ಸಾಮಾನ್ಯ ಅಳತೆ 78 ಇಂಚು ಎತ್ತರ, 36 ಅಗಲ, 19 ಆಳ. ಇದಕ್ಕೆ ಬಳಸುವ ಸಿ.ಆರ್. (ಕೋಲ್ಡ್ ರೋಲ್ಡ್) ಉಕ್ಕಿನ ಶೀಟು ಬರುವುದು 8 ಅಡಿಗೆ 4 ಅಡಿ. 48 ಇಂಚಿನ ಅಗಲವನ್ನು ಎರಡಾಗಿ ಸೀಳಿದರೆ 24 ಇಂಚು. ಅಂಚಿನ ಮಡಿಕೆಗೆ ಹೋದದ್ದು ಕಳೆದರೆ ಪಕ್ಕದ ಹಲಗೆಗೆ 19–20 ಉಳಿಯುತ್ತದೆ. ಶೀಟು ಹೆಚ್ಚು ದಂಡವಾಗುವುದಿಲ್ಲ, ಅಂಗಿಯ ಹ್ಯಾಂಗರೂ ಅಡ್ಡಕ್ಕೆ ಹಿಡಿಸುತ್ತದೆ. ಗೋಡೆಯ ಕಪಾಟಿಗೆ ಬೀಗವಿಲ್ಲದ, ಮರಕ್ಕೆ ಗೆದ್ದಲು ಹತ್ತುವ, ಮೂರು ನಾಲ್ಕು ವರ್ಷಕ್ಕೊಮ್ಮೆ ಖಾಲಿ ಮಾಡಬೇಕಾದ ಬಾಡಿಗೆ ಮನೆಗೆ ಹೇಳಿ ಮಾಡಿಸಿದ ವಸ್ತು ಇದು. ಸೀರೆ, ಒಡವೆ, ಮನೆಪತ್ರ, ಕನ್ನಡಿ ಎಲ್ಲ ಒಂದೇ ಕೀಲಿಯೊಳಗೆ.

ಮೋಸ ಹೋಗುವುದು ಶೀಟಿನ ದಪ್ಪದಲ್ಲಿ. ಗೇಜ್ ಸಂಖ್ಯೆ ಏರಿದಷ್ಟೂ ಶೀಟು ತೆಳುವಾಗುತ್ತದೆ. 20 ಗೇಜ್ ಅಂದರೆ ಸುಮಾರು 0.9 ಮಿ.ಮೀ., 22 ಅಂದರೆ 0.7, 24 ಅಂದರೆ 0.56. ಬಾಗಿಲಿಗೆ 22 ಹಾಕಿ, ಕಣ್ಣಿಗೆ ಬೀಳದ ಹಿಂಬದಿಗೂ ಒಳಗೆ ಬಟ್ಟೆ ಇಡುವ ಅಡ್ಡತಟ್ಟೆಗೂ 24 ಹಾಕಿ ‘22 ಗೇಜ್ ಬೀರು’ ಅಂತ ಮಾರುವುದುಂಟು. ಇದನ್ನು ತೂಕದಲ್ಲಿ ಹಿಡಿಯಬಹುದು. ಈ ಅಳತೆಯ ಬೀರುವಿಗೆ ಮಡಿಕೆ ಸೇರಿ ಸುಮಾರು 10 ಚದರ ಮೀಟರ್ ಶೀಟು ಬೇಕು. ಪೂರ್ತಿ 20 ಗೇಜ್ ಆದರೆ 70 ಕೆ.ಜಿ. ಆಸುಪಾಸು, 22 ಆದರೆ 55, 24 ಆದರೆ 44. ಕನ್ನಡಿಯ ತೂಕ ಬೇರೆ. ತೂಕ ಹೇಳಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ತಟ್ಟೆಯ ಕೆಳಗೆ ಕೈಯಾಡಿಸಿ, ನಡುವೆ ಉದ್ದಕ್ಕೊಂದು ಪಟ್ಟಿ ವೆಲ್ಡ್ ಮಾಡಿದ್ದಾರೆಯೇ ನೋಡಿ. ಅದಿಲ್ಲದ 24 ಗೇಜ್ ತಟ್ಟೆ ಮೂವತ್ತು ರೇಷ್ಮೆ ಸೀರೆಗೇ ಹೊಟ್ಟೆ ಬಿಡುತ್ತದೆ.

ಮನೆಗೆ ಬಂದ ಮೇಲಿನ ಮೊದಲ ದೂರು ಬಾಗಿಲು ಕೂಡುವುದಿಲ್ಲ ಅನ್ನುವುದು. ತಪ್ಪು ಬಹುಪಾಲು ನೆಲದ್ದು. ನೆಲ ಸ್ವಲ್ಪ ಓರೆಯಿದ್ದರೂ ಚೌಕಟ್ಟು ತಿರುಚಿಕೊಂಡು ಒಂದು ಬಾಗಿಲು ತಗ್ಗುತ್ತದೆ. ಹಿಡಿಕೆ ತಿರುಗಿಸಿದಾಗ ಒಳಗಿನ ಸರಳುಗಳು ಮೇಲಕ್ಕೂ ಕೆಳಕ್ಕೂ ಚಾಚಿ ತೂತಿಗೆ ಹೋಗಬೇಕು. ತೂತು ಸರಿದಿದ್ದರೆ ಸರಳು ಅಂಚಿಗೆ ತಾಗಿ ನಿಲ್ಲುತ್ತದೆ. ಆಗ ಬಲ ಹಾಕಿದರೆ ಎರಕದ ಹಿಡಿಕೆಯೇ ಮುರಿಯುತ್ತದೆ. ಯಾವ ಬಾಗಿಲು ತಗ್ಗಿದೆಯೋ ಆ ಬದಿಯ ಮುಂಗಾಲಿನ ಕೆಳಗೆ ತಗಡಿನ ಚೂರು ಕೊಡುತ್ತ ಬನ್ನಿ, ಎರಡು ಬಾಗಿಲಿನ ಮೇಲಂಚು ಒಂದೇ ಗೆರೆಗೆ ಬರುತ್ತದೆ. ಓರೆ ತೋರಿಸುವ ರಸಮಟ್ಟ ಇದ್ದರೆ ಇಟ್ಟು ನೋಡಿ, ಸಾಮಾನು ತುಂಬುವ ಮೊದಲೇ ಇದನ್ನು ಮುಗಿಸಿ. ತುಂಬಿದ ಬೀರು ಎತ್ತಲು ಇಬ್ಬರಿಗೂ ಆಗದು.

ಹುಬ್ಬಳ್ಳಿ ಕಡೆ ಬೀರುವನ್ನೇ ತಿಜೋರಿ ಅನ್ನುತ್ತಾರೆ. ಆದರೆ ಇದು ಕಳ್ಳನನ್ನು ತಡೆಯುವ ತಿಜೋರಿಯಲ್ಲ. 0.7 ಮಿ.ಮೀ. ಶೀಟು ಹಾರೆಗೆ ಬಗ್ಗುತ್ತದೆ. ಒಳಗಿನ ಲಾಕರ್ ಕಾಯುವುದು ಮನೆಮಂದಿ, ನೆಂಟರ ಕಣ್ಣಿನಿಂದ ಮಾತ್ರ. ಕೂಡುಕುಟುಂಬದಲ್ಲಿ ಹೆಂಗಸರಿಗೆ ತಮ್ಮದು ಅಂತ ಇರುವ ಒಂದೇ ಬೀಗದ ಜಾಗ ಎಷ್ಟೋ ಕಡೆ ಅದೇ ಆಗಿರುತ್ತದೆ. ಆ ಒಂದು ಕಾರಣಕ್ಕೇ ಲಾಕರ್ ಬೀಗ ಗಟ್ಟಿಯಿರಬೇಕು. ಅಗ್ಗದ ಬೀಗಗಳ ಕೀಲಿ ಅದಲುಬದಲಾಗುವುದುಂಟು. ಅಂಗಡಿಯಲ್ಲೇ ಪಕ್ಕದ ಬೀರುವಿನ ಕೀಲಿ ಹಾಕಿ ತಿರುಗಿಸಿ ನೋಡಿ.

ಬಣ್ಣದ ಬಗ್ಗೆ ಒಂದೇ ಪ್ರಶ್ನೆ ಸಾಕು: ಪೌಡರ್ ಕೋಟಿಂಗೋ, ಸ್ಪ್ರೇ ಪೇಂಟೋ? ಶೀಟಿನ ಎಣ್ಣೆ, ತುಕ್ಕು ತೊಳೆದು ಫಾಸ್ಫೇಟ್ ತೊಟ್ಟಿಯಲ್ಲಿ ಅದ್ದಿ, ಪುಡಿ ಹಾಯಿಸಿ 180–200 ಡಿಗ್ರಿಯಲ್ಲಿ ಬೇಯಿಸಿದ ಬಣ್ಣ ಸುಲಭಕ್ಕೆ ಏಳುವುದಿಲ್ಲ. ತಿನ್ನರ್‌ನಲ್ಲಿ ಒರೆಸಿ ಸ್ಪ್ರೇ ಹೊಡೆದದ್ದು ಹಕ್ಕಳೆಯಾಗಿ ಏಳುತ್ತದೆ. ತುಕ್ಕು ಶುರುವಾಗುವುದು ತಳದಲ್ಲಿ, ನೆಲ ಒರೆಸುವ ನೀರು ತಾಗುವ ಕಡೆ. ಬಗ್ಗಿ ಅಡಿಭಾಗ ನೋಡಿ. ಅಲ್ಲಿ ಬಣ್ಣವೇ ಇಲ್ಲದಿದ್ದರೆ ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಆ ಬೀರು ಬೇಡ. ಮಲೆನಾಡಿನ ಮಳೆಗಾಲದಲ್ಲಿ ಒಳಗೆ ಬೂಷ್ಟು ಹಿಡಿಯುತ್ತದೆ. ರೇಷ್ಮೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿಡಿ, ನುಸಿಗುಳಿಗೆ ಜರಿಗೆ ತಾಗದಿರಲಿ.

ಇಷ್ಟು ನೋಡಿ ಕೊಂಡರೆ, ಮನೆ ಬದಲಿಸುತ್ತಲೇ ಇರುವವರಿಗೆ ಪಾರ್ಟಿಕಲ್ ಬೋರ್ಡ್ ವಾರ್ಡ್‌ರೋಬಿಗಿಂತ ಇದೇ ಮೇಲು. ಬೋರ್ಡಿನಲ್ಲಿ ಸ್ಕ್ರೂ ಒಮ್ಮೆ ಬಿಚ್ಚಿ ಹಾಕಿದರೆ ಹಿಡಿತ ಸಡಿಲ, ನೀರು ತಾಗಿದರೆ ಅಂಚು ಉಬ್ಬುತ್ತದೆ. ಮೆಟ್ಟಿಲು ಇಕ್ಕಟ್ಟಾಗಿದ್ದರೆ ವೆಲ್ಡ್ ಮಾಡಿದ್ದರ ಬದಲು ಬೋಲ್ಟ್ ಹಾಕಿ ಜೋಡಿಸುವ ಬೀರು ಕೇಳಿ. ಸಾಗಿಸುವಾಗ ತಟ್ಟೆ ತೆಗೆದು, ಬಾಗಿಲಿಗೆ ಹಗ್ಗ ಬಿಗಿದು, ಕನ್ನಡಿ ಮೇಲಾಗುವಂತೆ ಬೆನ್ನ ಮೇಲೆ ಮಲಗಿಸಿ.