ಕೆಳಗೆ ಬ್ಯಾಂಕು, ಮೇಲೆ ಸೊಸೈಟಿ: ಡೆಪಾಸಿಟ್ ಇಡುವ ಮುಂಚೆ ಓದಿ

ಅಪ್ಪನ ನಿವೃತ್ತಿ ಹಣ ಎರಡು ಕಡೆ ಇತ್ತು. ಒಂದು ಪಾಲು ನಮ್ಮೂರಿನ ಸಹಕಾರಿ ಬ್ಯಾಂಕಿನಲ್ಲಿ. ಇನ್ನೊಂದು ಅದೇ ಕಟ್ಟಡದ ಮೇಲಿನ ಮಹಡಿಯ ಪತ್ತಿನ ಸೊಸೈಟಿಯಲ್ಲಿ. ಎರಡೂ ಕಡೆ ಹೆಚ್ಚುಕಡಿಮೆ ಅವರೇ ಡೈರೆಕ್ಟರುಗಳು. "ಎರಡೂ ನಮ್ಮದೇ ಸಾರ್, ಮೇಲೆ ಇಟ್ಟರೆ ಬಡ್ಡಿ ಜಾಸ್ತಿ" ಎಂದು ಕೌಂಟರಿನಲ್ಲೇ ಹೇಳಿದ್ದರು.

ಕೊಟ್ಟ ಸಾಲ ವಾಪಸ್ ಬರಲಿಲ್ಲ, ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಸೊಸೈಟಿ ತನ್ನ ಹಣವನ್ನೂ ಕೆಳಗಿನ ಬ್ಯಾಂಕಿನಲ್ಲೇ ಇಟ್ಟಿತ್ತಂತೆ. ಅದೂ ಶಟರ್ ಎಳೆಯಿತು.

ಬ್ಯಾಂಕಿನ ಹಣ ಅಪ್ಪನ ಕೈಸೇರಿತು. ಅದಕ್ಕೆ ಹಿಂದೆ ಹಣ ಕಳೆದುಕೊಂಡವರಿಗೆ ಥ್ಯಾಂಕ್ಸ್ ಹೇಳಬೇಕು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಚ್ಚಿತು, 1962ರಲ್ಲಿ ಠೇವಣಿ ವಿಮೆ ಬಂತು, ಅಂದರೆ ಬ್ಯಾಂಕ್ ಮುಳುಗಿದರೆ ಪ್ರತಿ ಠೇವಣಿದಾರನಿಗೆ ಒಂದು ಮಿತಿಯ ತನಕ ಹಣ ಕೊಡುವ ವ್ಯವಸ್ಥೆ. ಆಗಿನ ಮಿತಿ 1,500 ರೂಪಾಯಿ. 1993ರಲ್ಲಿ 1 ಲಕ್ಷಕ್ಕೆ ಏರಿದ್ದು ಅಲ್ಲೇ ಕೂತುಬಿಟ್ಟಿತು. 2019ರ ಸೆಪ್ಟೆಂಬರಿನಲ್ಲಿ ಮುಂಬೈನ ಪಿಎಂಸಿ ಬ್ಯಾಂಕ್ ಕುಸಿದಾಗ ಗ್ರಾಹಕರಿಗೆ ಮೊದಲು ತೆಗೆಯಲು ಬಿಟ್ಟಿದ್ದು ಬರೀ 1,000 ರೂಪಾಯಿ. ಜನ ಬೀದಿಗಿಳಿದರು. 2020ರ ಫೆಬ್ರವರಿಯಲ್ಲಿ ಮಿತಿ 5 ಲಕ್ಷವಾಯಿತು. ಆದರೂ ಬ್ಯಾಂಕ್ ಪೂರ್ತಿ ಮುಚ್ಚುವ ತನಕ ವಿಮೆ ಹಣಕ್ಕೆ ಕಾಯಬೇಕಿತ್ತು. 2021ರ ತಿದ್ದುಪಡಿ ಬಂದ ಮೇಲೆ, ನಿರ್ಬಂಧ ಹಾಕಿದ 90 ದಿನದೊಳಗೆ ಕೊಡಬೇಕೆಂದಾಯಿತು. ಅಪ್ಪನಿಗೆ ಸಿಕ್ಕಿದ್ದು ಈ ದಾರಿಯಲ್ಲೇ.

ಮೇಲಿನ ಮಹಡಿಯ ಹಣ ಮಾತ್ರ ಇನ್ನೂ ಬಂದಿಲ್ಲ. ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲವೇ ಇಲ್ಲ. ಸಹಕಾರ ಇಲಾಖೆಗೆ ಅರ್ಜಿ, ವಿಚಾರಣೆ, ಮುಂದಿನ ತಾರೀಕು, ಇಷ್ಟೇ ನಡೆದಿದೆ. ನನಗನ್ನಿಸುವುದು, ಸೊಸೈಟಿಗಳು ಊರಿಗೊಂದರಂತೆ ಸಣ್ಣದಾಗಿ ಮುಳುಗುತ್ತವೆ. ಆ ಸದ್ದು ದೆಹಲಿಗೆ ಕೇಳಿಸುವುದಿಲ್ಲ, ಹಾಗಾಗಿ ಕಾನೂನೂ ಇವರ ತನಕ ಬಂದಿಲ್ಲ.

ಬೋರ್ಡು ನೋಡಿ ನಂಬಬೇಡಿ. ಕೆಲವು ಸಂಘಗಳು ಹೆಸರಿನಲ್ಲಿ 'ಬ್ಯಾಂಕ್' ಎಂದು ಹಾಕಿಕೊಳ್ಳುತ್ತಿವೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. "ನಿಮ್ಮನ್ನು ಸದಸ್ಯರನ್ನಾಗಿ ಮಾಡಿಕೊಳ್ಳುತ್ತೇವೆ, ಸ್ವಲ್ಪ ಶೇರು ತಗೊಳ್ಳಿ" ಎಂದರೆ, ಇದು ಬ್ಯಾಂಕೋ ಸೊಸೈಟಿಯೋ ಎಂದು ನೇರವಾಗಿ ಕೇಳಿ. ಬ್ಯಾಂಕೇ ಆದರೂ 5 ಲಕ್ಷದಲ್ಲಿ ಬಡ್ಡಿಯೂ ಸೇರಿದೆ. ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ನಿಮ್ಮೊಬ್ಬರ ಹೆಸರಿಗೆ ಹಂಚಿಟ್ಟರೂ ಲೆಕ್ಕ ಒಂದೇ. ವಿಮೆ ಇರುವ ಬ್ಯಾಂಕುಗಳ ಪಟ್ಟಿ, ಈ ವಿಮೆ ನಡೆಸುವ ಡಿಐಸಿಜಿಸಿ ಎಂಬ ಸಂಸ್ಥೆಯ ವೆಬ್‌ಸೈಟಿನಲ್ಲಿದೆ. ಎಫ್‌ಡಿ ಫಾರಂ ತುಂಬುವ ಮುಂಚೆ ಅಲ್ಲಿ ಹೆಸರು ಹುಡುಕಿ.