ಉನೋ ಸ್ಟಾರ್ಟರ್ ಕಿಟ್: ಕೋಡ್ ಬರೆಯುವವರಿಗೆ ಒಳ್ಳೆಯದು, ಕರಾವಳಿಯ ಮಳೆಗಾಲಕ್ಕೆ ಸಾಲದು

ಮಂಗಳೂರು, ಮಣಿಪಾಲದ ಐಟಿ ಕಚೇರಿಗಳಲ್ಲಿ ಜಾವಾ, ಪೈಥಾನ್ ಬರೆಯುವವರು ಎಲೆಕ್ಟ್ರಾನಿಕ್ಸ್‌ಗೆ ಕೈಹಾಕುವಾಗ ಸಾಮಾನ್ಯವಾಗಿ ಮೊದಲು ತರಿಸುವುದು ಇದನ್ನೇ: ಆರ್ಡುಯಿನೋ ಉನೋ ಆರ್3 (ಕೋಡ್ ತುಂಬಿ ಸೆನ್ಸರ್, ಮೋಟಾರ್ ನಡೆಸುವ ಪುಟ್ಟ ಬೋರ್ಡ್) ಮಾದರಿಯ ಕ್ಲೋನ್, ಅಂದರೆ ನಕಲು ಬೋರ್ಡ್, ಬೆಸುಗೆಯಿಲ್ಲದೆ ವೈರ್ ಸಿಕ್ಕಿಸುವ 830 ತೂತಿನ ಬ್ರೆಡ್‌ಬೋರ್ಡ್, ಜಂಪರ್ ವೈರ್, ಎಲ್‌ಇಡಿ, ರೆಸಿಸ್ಟರ್, ಬಟನ್, ಎಸ್‌ಜಿ90 ಸರ್ವೋ (ಹೇಳಿದ ಕೋನಕ್ಕೆ ತಿರುಗುವ ಪುಟ್ಟ ಮೋಟಾರ್), ಡಿಎಚ್‌ಟಿ11 (ತಾಪ, ತೇವಾಂಶ ಅಳೆಯುವ ಸೆನ್ಸರ್), ರಿಲೇ (ಬೋರ್ಡ್ ನಡೆಸುವ ಸ್ವಿಚ್). ಡಬ್ಬಿಯ ಮೇಲಿನ ಹೆಸರು ಬೇರೆಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಧಾರಾಳವಾಗಿ ಕೊಳ್ಳಬಹುದು, ಆದರೆ ಜೊತೆಗೊಂದು ಮಲ್ಟಿಮೀಟರ್ ಬೇಕೇ ಬೇಕು. ಕಿಟ್‌ನಲ್ಲಿ ಅದಿಲ್ಲ, ದೊಡ್ಡ ಕೊರತೆ ಅದೇ. ವೈರ್ ಒಳಗೆ ತುಂಡಾದರೆ ಯಾವ ಎರರ್ ಮೆಸೇಜೂ ಬರುವುದಿಲ್ಲ. ಮಲ್ಟಿಮೀಟರ್‌ನ ಕಂಟಿನ್ಯೂಟಿ ಮೋಡ್‌ನ (ವೈರ್ ತುಂಡಾಗದಿದ್ದರೆ ಸದ್ದು ಮಾಡುವ ಮೋಡ್) ಬೀಪ್ ಸುಲಭದ ದಾರಿ. ಕೆಲವು ಬ್ರೆಡ್‌ಬೋರ್ಡ್‌ಗಳಲ್ಲಿ ಪವರ್ ಸಾಲು ನಡುವೆ ಕಡಿದಿರುತ್ತದೆ, ಅದೂ ಗೊತ್ತಾಗುವುದು ಆ ಬೀಪ್‌ನಿಂದಲೇ.

ಬೋರ್ಡ್ ಚೆನ್ನಾಗಿದೆ. ಎಟಿಮೆಗಾ328ಪಿ ಚಿಪ್, 16 ಮೆಗಾಹರ್ಟ್ಸ್, 32 ಕೆಬಿ ಫ್ಲ್ಯಾಶ್, 2 ಕೆಬಿ ರ‍್ಯಾಮ್. ಕ್ಲೋನ್‌ಗಳಲ್ಲಿ ಯುಎಸ್‌ಬಿಗೆ ಹೆಚ್ಚಾಗಿ ಸಿಎಚ್340 ಚಿಪ್ ಇರುತ್ತದೆ. ಉಬುಂಟು 22.04ರಲ್ಲಿ ಬೋರ್ಡ್‌ನ ಯುಎಸ್‌ಬಿ ಪೋರ್ಟ್ ಕಾಣಿಸಿಕೊಂಡು ಕ್ಷಣದಲ್ಲೇ ಮಾಯವಾದರೆ ಬಿಆರ್‌ಎಲ್‌ಟಿಟಿವೈ ಎಂಬ, ಬ್ರೈಲ್ (ಅಂಧರ ಸ್ಪರ್ಶಲಿಪಿ) ಸಾಧನಗಳಿಗಾಗಿನ ಸೇವೆ ಅದನ್ನು ಹಿಡಿದಿಟ್ಟಿದೆ ಎಂದರ್ಥ. ಬ್ರೈಲ್ ಸಾಧನ ಬಳಸದಿದ್ದರೆ ಅದನ್ನು ತೆಗೆದುಹಾಕಿ, ನಿಮ್ಮ ಯೂಸರ್ ಅನ್ನು ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿಗೆ ಸೇರಿಸಿ.

ಕೋಡ್ ಬಲ್ಲವರು ಎಡವುವುದು ಕೋಡ್‌ನಲ್ಲೇ. ಇಲ್ಲಿ ಇಂಟ್ (ಪೂರ್ಣಾಂಕ) ಎಂದರೆ 16 ಬಿಟ್, ಗರಿಷ್ಠ 32767. ಒಂದು ನಿಮಿಷ ಕಾಯಲು ಡಿಲೇ (ಮಿಲಿಸೆಕೆಂಡ್ ಲೆಕ್ಕದಲ್ಲಿ ಕಾಯಿಸುವ ಆಜ್ಞೆ) ಒಳಗೆ 60 * 1000 ಎಂದು ಬರೆದರೆ ಗುಣಾಕಾರ ಉಕ್ಕಿ -5536 ಆಗುತ್ತದೆ. ಡಿಲೇ ಅದನ್ನು ಅನ್‌ಸೈನ್ಡ್ ಲಾಂಗ್ (ಋಣ ಚಿಹ್ನೆಯಿಲ್ಲದ 32 ಬಿಟ್ ಸಂಖ್ಯೆ) ಎಂದು ಓದಿ ಸುಮಾರು 50 ದಿನ ಸುಮ್ಮನೆ ಕೂರುತ್ತದೆ. ನೇರವಾಗಿ 60000 ಎಂದು ಬರೆದರೆ ತೊಂದರೆಯಿಲ್ಲ, ಕಂಪೈಲರ್ ಅದನ್ನು ಲಾಂಗ್ ಎಂದೇ ಪರಿಗಣಿಸುತ್ತದೆ. ಬಟನ್‌ನದು ಇನ್ನೊಂದು ಕಥೆ: ಎಲ್ಲಿಗೂ ಜೋಡಿಸದ ಪಿನ್ ಸೊನ್ನೆಯೂ ಅಲ್ಲ, ಒಂದೂ ಅಲ್ಲ, ಕೈ ಹತ್ತಿರ ತಂದರೂ ಬದಲಾಗುತ್ತದೆ. ಪಿನ್ ಅನ್ನು ಇನ್‌ಪುಟ್ ಪುಲ್‌ಅಪ್ ಮೋಡ್‌ಗೆ (ಪಿನ್ ಅನ್ನು ಒಂದರಲ್ಲೇ ಹಿಡಿದಿಡುವ ಮೋಡ್) ಹಾಕಿ, ಬಟನ್‌ನ ಒಂದು ತುದಿಯನ್ನು ಪಿನ್‌ಗೆ, ಇನ್ನೊಂದನ್ನು ಗ್ರೌಂಡ್‌ಗೆ ಕೊಡಿ. ಒತ್ತಿದಾಗ ಸೊನ್ನೆ ಬರುತ್ತದೆ.

ಸರ್ವೋ ತಿರುಗುತ್ತಿದ್ದಂತೆ ಪ್ರೋಗ್ರಾಂ ಮೊದಲಿನಿಂದ ಶುರುವಾದರೆ ಅದು ಬಗ್ ಅಲ್ಲ, ಮೋಟಾರ್ ಎಳೆದ ಕರೆಂಟ್‌ಗೆ 5 ವೋಲ್ಟ್ ಕುಸಿದಿದೆ. ಸರ್ವೋಗೆ ಬೇರೆ 5 ವೋಲ್ಟ್ ಸಪ್ಲೈ ಕೊಟ್ಟು, ಎರಡರ ಗ್ರೌಂಡ್ ಒಂದು ಮಾಡಿ.

ಇನ್ನು ನಮ್ಮೂರಿನ ಮಾತು. ಡಿಎಚ್‌ಟಿ11ರ ನಿಖರತೆಯೇ ಶೇಕಡಾ 5 ಆಚೀಚೆ, ಅಳತೆಯ ಮಿತಿ ಶೇಕಡಾ 90. ಜುಲೈಯ ಉಡುಪಿಯಲ್ಲಿ ಗಾಳಿಯ ತೇವಾಂಶ ಆ ಮಿತಿಯ ಆಸುಪಾಸಿನಲ್ಲೇ ಇರುತ್ತದೆ, ಹಾಗಾಗಿ ಆಗ ಬರುವ ಅಂಕಿ ನಂಬಲರ್ಹವಲ್ಲ. ಡಿಎಚ್‌ಟಿ22 ಅಥವಾ ಬಿಎಂಇ280 ತನ್ನಿ. ಜಂಪರ್ ಪಿನ್‌ಗಳು ಉಪ್ಪುಗಾಳಿಗೆ ಬೇಗ ಮಂಕಾಗಿ ಸಂಪರ್ಕ ಬಿಟ್ಟುಬಿಟ್ಟು ಬರತೊಡಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ತೋಟಕ್ಕೆಂದು ಮಣ್ಣಿನ ತೇವದ ಸೆನ್ಸರ್ ಕೊಳ್ಳುವುದಾದರೆ ಎರಡು ಕವಲಿನ ಅಗ್ಗದ್ದು ಬೇಡ. ಒದ್ದೆ ಮಣ್ಣಿನಲ್ಲಿ ಸದಾ ಕರೆಂಟ್ ಹರಿದರೆ ಅದರ ತಾಮ್ರ ಕರಗಿಹೋಗುತ್ತದೆ. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಮಾದರಿ ಬಾಳಿಕೆ ಬರುತ್ತದೆ.

ಅದೇ ಉತ್ಸಾಹದಲ್ಲಿ ಕಿಟ್‌ನ ರಿಲೇಗೆ ಬಾವಿಯ ಪಂಪ್ ಜೋಡಿಸಬೇಡಿ. ಮೇಲೆ 10 ಆಂಪಿಯರ್ ಎಂದು ಅಚ್ಚಾಗಿದ್ದರೂ, 1 ಎಚ್‌ಪಿ ಮೋಟಾರ್ ಶುರುವಾಗುವಾಗ ಮಾಮೂಲಿ ಕರೆಂಟ್‌ನ ಹಲವು ಪಟ್ಟು ಎಳೆಯುತ್ತದೆ, ರಿಲೇಯ ಸಂಪರ್ಕಗಳು ಬೆಸೆದುಕೊಂಡರೆ ಪಂಪ್ ನಿಲ್ಲುವುದೇ ಇಲ್ಲ. ರಿಲೇ ಕಾಂಟ್ಯಾಕ್ಟರ್ (ದೊಡ್ಡ ಕರೆಂಟ್ ತಾಳುವ ಸ್ವಿಚ್) ಒಂದರ ಕಾಯಿಲ್ ಅನ್ನು ಮಾತ್ರ ನಡೆಸಲಿ, ಪಂಪ್ ಅದರ ಹಿಂದೆ ಇರಲಿ. 230 ವೋಲ್ಟ್‌ನ ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.