ಎರಡು ಸಲ ಬಿದ್ದರೂ ಉಕ್ಕದ ಮದ್ದು

ಟೆಕ್ಸಾಸ್‌ನಲ್ಲಿ ಮನೆಯಲ್ಲೇ ಬಂದೂಕಿನ ತೋಟಾ (ಕಾರ್ಟ್ರಿಡ್ಜ್) ತುಂಬಿಕೊಳ್ಳುವ, ಅಂದರೆ ಖಾಲಿ ಕೇಸಿಗೆ ಮದ್ದು, ಬುಲೆಟ್ ಹಾಕಿಕೊಳ್ಳುವ ಕನ್ನಡದವರು ನಾನೊಬ್ಬನೇ ಅಲ್ಲ ಎಂದು ಗೊತ್ತು. ಅವರಿಗಾಗಿ ಇದು. (ಊರಲ್ಲಿ ಇರುವವರು ಈ ಗೋಜಿಗೇ ಹೋಗಬೇಡಿ, 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಗುಂಡು ತಯಾರಿಸಲು ಲೈಸೆನ್ಸ್ ಬೇಕು.)

2021ರಲ್ಲಿ ಇಲ್ಲಿ ಪೌಡರ್ (ಮದ್ದು), ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪು) ಯಾವುದೂ ಸಿಗುತ್ತಿರಲಿಲ್ಲ. ನಾನು ಬಳಸುತ್ತಿದ್ದ ಪೌಡರ್ ಅವಲಕ್ಕಿ ಹಾಗೆ ಹಗುರ. ನನ್ನ ರಿವಾಲ್ವರಿನ .38 ಸ್ಪೆಷಲ್ ತೋಟಾದ ಕೇಸನ್ನು (ಹಿತ್ತಾಳೆಯ ಕೊಳವೆ) ಅರ್ಧಕ್ಕಿಂತ ಜಾಸ್ತಿ ತುಂಬುತ್ತಿತ್ತು. ಅದು ಖಾಲಿಯಾದಾಗ ಅಂಗಡಿಯಲ್ಲಿ ಉಳಿದಿದ್ದ ಒಂದೇ ಒಂದು ಡಬ್ಬ ತಂದೆ. ಬೇಗ ಉರಿಯುವ, ಸಾಸಿವೆಗಿಂತ ಸಣ್ಣ ಕಾಳಿನ, ಒತ್ತೊತ್ತಾದ ಪೌಡರ್. ಎಷ್ಟು ಹಾಕಬೇಕೆಂಬ ಚಾರ್ಟ್‌ನಲ್ಲಿ ನನ್ನ ಬುಲೆಟ್ಟಿಗೆ ಅಳತೆ ಕೊಟ್ಟಿದ್ದರು. ಪೌಡರ್ ತಪ್ಪಲ್ಲ. ಕಡಿಮೆ ಸಾಕು, ಒಂದು ಪೌಂಡ್ ಬಹಳ ದಿನ ಬರುತ್ತೆ ಎಂದು ಖುಷಿಪಟ್ಟೆ ನೋಡಿ, ಅಲ್ಲೇ ಎಡವಿದ್ದು.

.38 ಸ್ಪೆಷಲ್ ಹುಟ್ಟಿದ್ದು 1898ರ ಸುಮಾರಿಗೆ, ಕರಿಮದ್ದಿನ ಲೆಕ್ಕದಲ್ಲಿ. ಹಾಗಾಗಿ ಕೇಸ್ ಉದ್ದ. ನಾನು ತಂದಂಥ ಒತ್ತೊತ್ತಾದ ಹೊಗೆಯಿಲ್ಲದ ಪೌಡರ್ ಅದರ ತಳದಲ್ಲಿ ಚಿಟಿಕೆಯಷ್ಟು ಕೂರುತ್ತದೆ. ಪೌಡರ್ ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ, ಅಕ್ಕಸಾಲಿಗರ ಅರ್ಧ ಗುಂಜಿ. ಎರಡು ಸಲ ಸುರಿದರೂ ಕೇಸ್ ತುಂಬುವುದಿಲ್ಲ. ನಾನು ಮೊದಲು ಬಳಸುತ್ತಿದ್ದ ಹಗುರ ಪೌಡರ್ ಆಗಿದ್ದರೆ ಹೊರಗೆ ಚೆಲ್ಲಿ ತಪ್ಪನ್ನು ತಾನೇ ಹೇಳಿಬಿಡುತ್ತಿತ್ತು.

ರಾತ್ರಿ ಒಂಬತ್ತಕ್ಕೆ ಅಮ್ಮನ ಫೋನ್. ಅಲ್ಲಿ ಬೆಳಗಿನ ತಿಂಡಿ ಹೊತ್ತು. ಐವತ್ತು ಕೇಸ್ ಜೋಡಿಸಿದ ಹಲಗೆಯಲ್ಲಿ ಎರಡು ಸಾಲಿಗೆ ಪೌಡರ್ ಸುರಿದು ಮುಗಿದಿತ್ತು. ಮಾತಾಡಿ ಬಂದು, ಅಂದಾಜಿನ ಮೇಲೆ ಎಲ್ಲಿಂದಲೋ ಶುರು ಮಾಡಿದೆ. ಟಾರ್ಚ್ ಬಿಟ್ಟು ಒಳಗೆ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ. ತೀರ್ಥಹಳ್ಳಿಯ ಅಜ್ಜ ಕೇಪಿನ ಕೋವಿಗೆ ಕಣ್ಣಳತೆಯಲ್ಲೇ ಮದ್ದು ಹಾಕುತ್ತಿದ್ದರಲ್ಲ, ಆ ಧೈರ್ಯ ನನಗೂ ಇತ್ತು.

ರೇಂಜ್‌ನಲ್ಲಿ ಮೂರನೇ ಗುಂಡು. ಸದ್ದೇ ಬೇರೆ. ಕೈ ಜೋಮು ಹಿಡಿಯಿತು, ಕನ್ನಡಕದ ಮೇಲೆ ಏನೋ ಟಪ್ಪೆಂದು ಬಡಿಯಿತು. ನೋಡಿದರೆ ಸಿಲಿಂಡರಿನಲ್ಲಿ ತೋಟಾ ಕೂರುವ ಮೂರು ಮನೆಗಳು ಹಲಸಿನ ಸೊಳೆ ಬಿಡಿಸಿದ ಹಾಗೆ ತೆರೆದಿವೆ, ಮೇಲಿನ ಪಟ್ಟಿ ಬಿಲ್ಲಿನಂತೆ ಬಾಗಿದೆ. ಹೆಬ್ಬೆರಳ ಚರ್ಮ ಸುಟ್ಟಿತ್ತು, ಅಷ್ಟೇ. ಪಕ್ಕದ ಲೇನಿನಲ್ಲಿದ್ದ ಹುಡುಗನನ್ನು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. .38 ಸ್ಪೆಷಲ್‌ಗೆ ಹೆಚ್ಚೆಂದರೆ 17,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ. ಚಿಟಿಕೆ ಎರಡಾದರೆ ಒತ್ತಡ ಬರೀ ಎರಡು ಪಟ್ಟಾಗಿ ನಿಲ್ಲುವುದಿಲ್ಲ.

ಉಳಿದ ತೋಟಾಗಳನ್ನು ಮನೆಗೆ ತಂದು ಒಂದೊಂದಾಗಿ ಬಿಚ್ಚಿ ತೂಗಿದೆ. ಇನ್ನೊಂದರಲ್ಲೂ ಎರಡು ಅಳತೆ ಇತ್ತು.

ಈಗ ಪೌಡರ್ ಆರಿಸುವಾಗ ನನ್ನ ಮೊದಲ ಪ್ರಶ್ನೆ ಒಂದೇ: ಎರಡು ಸಲ ಬಿದ್ದರೆ ಕೇಸಿನಿಂದ ಉಕ್ಕುತ್ತದಾ? ಹಾಗಂತ ತುಂಬಿಕೊಳ್ಳಲಿ ಎಂದು ಮ್ಯಾಗ್ನಮ್‌ಗೆ (ಹೆಚ್ಚು ಜೋರಿನ ತೋಟಾ) ಮಾಡಿದ, ನಿಧಾನ ಉರಿಯುವ ಪೌಡರನ್ನು ಸುಮ್ನೆ ಕಡಿಮೆ ಮಾಡಿ ಹಾಕಬೇಡಿ. ಸರಿಯಾಗಿ ಉರಿಯದೆ ಬುಲೆಟ್ ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು, ಹಿಂದೆಯೇ ಇನ್ನೊಂದು ಹೊಡೆದರೆ ಮತ್ತದೇ ಕಥೆ. ನಿಮ್ಮ ಕಾರ್ಟ್ರಿಡ್ಜ್, ನಿಮ್ಮ ಬುಲೆಟ್ ತೂಕ ಎರಡಕ್ಕೂ ಪೌಡರ್ ಕಂಪನಿಯೇ ಕೊಟ್ಟ ಅಳತೆ ಇದ್ದರೆ ಮಾತ್ರ ಡಬ್ಬ ಕೊಳ್ಳಿ. ಅಳತೆ ಎಷ್ಟು ಎಂದು ನನ್ನನ್ನು ಕೇಳಬೇಡಿ, ಹೇಳುವುದಿಲ್ಲ.

ರಿವಾಲ್ವರ್ ಕಂಪನಿಗೆ ಬರೆದೆ. ಮನೆಯಲ್ಲಿ ತುಂಬಿದ ತೋಟಾಗೆ ವಾರಂಟಿ ಇಲ್ಲ ಎಂದರು. ನ್ಯಾಯವೇ ಬಿಡಿ. ಆ ಒಡೆದ ಸಿಲಿಂಡರ್ ಈಗ ತೋಟಾ ತುಂಬುವ ಪ್ರೆಸ್ ಪಕ್ಕದಲ್ಲಿದೆ. ಅಮ್ಮ ಫೋನ್ ಮಾಡಿದರೆ ಹಲಗೆಯಲ್ಲಿರುವ ಅಷ್ಟೂ ಕೇಸನ್ನು ಮಗುಚಿ ಡಬ್ಬಕ್ಕೆ ಸುರಿದು, ಆಮೇಲೆ "ಹೇಳಮ್ಮ" ಅನ್ನುತ್ತೇನೆ.